ಎಣ್ಣೆಸ್ನಾನ ಮುಗಿಸಿ ಈಜುಕೊಳಕ್ಕೆ

ಪುಟ್ಟಿಗೆ ಎಂಟು ತಿಂಗಳು ತುಂಬಿದ ವಾರ ಈಜಿನ ಕ್ಲಾಸಿಗೆ ಸೇರಿಸಿದೆ. ಅಮ್ಮ ಮೊದಲು ನಕ್ಕಳು, ಆಮೇಲೆ ಬೈದಳು. "ನೆಟ್ಟಗೆ ಕೂರೋಕೇ ಈಗ ಕಲ್ತಿದೆ ಕಣೇ ಅದು, ಈಜಂತೆ!" ಅಪ್ಪ ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ನಾನು ಮಾತ್ರ ಇವತ್ತಿಗೂ ಸೊಂಟದ ಮಟ್ಟದ ನೀರು ದಾಟಿದವಳಲ್ಲ. ಆ ಹೆದರಿಕೆ ಮಗಳಿಗೆ ಅಂಟದಿದ್ದರೆ ಸಾಕಿತ್ತು. ಇದರಿಂದ ಮಗು ಮುಳುಗದೆ ಉಳಿಯುತ್ತದೆ ಎಂಬ ಭ್ರಮೆಯೇನೂ ಇರಲಿಲ್ಲ. ವರ್ಷದೊಳಗಿನ ಕೂಸಿಗೆ ಕ್ಲಾಸಿನಿಂದ ಆ ಅಪಾಯ ಕಡಿಮೆಯಾಗುತ್ತದೆ ಎನ್ನಲು ಪುರಾವೆ ಇಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹೇಳಿದೆ.

ಮೊದಲು ವಿಚಾರಿಸಿದ್ದು ನೀರಿನ ಬಿಸಿ. ಜನವರಿಯ ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೊಳಕ್ಕೆ ದೊಡ್ಡವರೇ ಕಾಲಿಡುವುದಿಲ್ಲ. ಎಳೆಗೂಸಿಗೆ ಸುಮಾರು 32 ಡಿಗ್ರಿ ಬೇಕು. ಹುಡುಕಿ ಹುಡುಕಿ ಒಳಾಂಗಣದ, ನೀರು ಕಾಯಿಸುವ ಕೊಳವೊಂದನ್ನು ಹಿಡಿದೆ. ಮನೆಯಲ್ಲಿ ಅಮ್ಮ ಹದ ಮಾಡಿಟ್ಟ ಸ್ನಾನದ ನೀರಿಗೆ ಥರ್ಮಾಮೀಟರ್ ಅದ್ದಿದರೆ 39! ಆ ಲೆಕ್ಕದಲ್ಲಿ ಪುಟ್ಟಿಗೆ ಕೊಳವೆಂದರೆ ತಣ್ಣೀರೇ. ಒಂದು ವಾರ ಸಂಜೆ ಹೊತ್ತು ಟಬ್ಬಿನಲ್ಲಿ ಕೂರಿಸಿ ದಿನಕ್ಕೊಂದು ಡಿಗ್ರಿಯಂತೆ ಇಳಿಸುತ್ತ ಬಂದೆ. 33ಕ್ಕೆ ಬಂದಾಗ ತುಟಿ ಚೂಪು ಮಾಡಿ ನನ್ನನ್ನೇ ನೋಡಿದಳು, ಅಳಲಿಲ್ಲ.

ಭಾನುವಾರ ಬಂತು. ನಾನು ಬ್ಯಾಗು ತುಂಬುವಷ್ಟರಲ್ಲಿ ಅಮ್ಮ ಕೊಬ್ಬರಿ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ಕೆನ್ನೆಗೆ ಕಾಸಗಲ ದೃಷ್ಟಿಬೊಟ್ಟು ಇಟ್ಟಾಗಿತ್ತು. ಈಜಿನ ಡೈಪರನ್ನು ನಾನು ಮನೆಯಲ್ಲೇ ಹಾಕಿಬಿಟ್ಟೆ. ಅದು ತಡೆಯುವುದು ಕಕ್ಕವನ್ನು ಮಾತ್ರ, ಉಚ್ಚೆಯನ್ನಲ್ಲ ಎನ್ನುವುದು ಆಟೋದಲ್ಲಿ ನನ್ನ ತೊಡೆ ನೆಂದಾಗ ತಿಳಿಯಿತು. (ಹಾಗಂತ ಮಾಮೂಲಿ ಡೈಪರಿನಲ್ಲಿ ನೀರಿಗಿಳಿಸಿದರೆ ಅದು ನೀರು ಕುಡಿದು ಕುಂಬಳಕಾಯಿ ಆಗುತ್ತದೆ.)

ಕೋಚ್ ಪುಟ್ಟಿಯ ತೋಳು ಮುಟ್ಟಿದವರೇ, "ಎಣ್ಣೆ ಹಚ್ಚಿದ್ದೀರಾ ಮೇಡಂ? ಕೈಯಲ್ಲಿ ನಿಲ್ಲಲ್ಲ, ಜಾರ್ತಾಳೆ" ಅಂದರು. ಶವರಿನ ಕೆಳಗೆ ಎರಡು ಸಲ ಸೋಪು ಹಾಕಿದೆ. ದೃಷ್ಟಿಬೊಟ್ಟು ಗದ್ದದವರೆಗೆ ಕಪ್ಪಗೆ ಇಳಿಯಿತು.

ನೀರಿನಲ್ಲಿ ನಾನು ಕಂಬದ ಹಾಗೆ ನಿಂತಿದ್ದೆ. "ಮಂಡಿ ಬಗ್ಗಿಸಿ, ನಿಮ್ಮ ಭುಜ ನೀರೊಳಗೆ ಬರಲಿ" ಅಂದರು. ಹಾಗೆ ಮಾಡಿದ ಮೇಲೆ ಅವಳ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬಂತು, ಮೈಯೂ ನೀರಿನಲ್ಲೇ ಇದ್ದು ಬೆಚ್ಚಗಾಯಿತು. ಎರಡೂ ಕಂಕುಳಿಗೆ ಕೈ ಕೊಟ್ಟು ಹಿಂದೆ ಹಿಂದೆ ಹೆಜ್ಜೆ ಇಡುವುದು, ಅಷ್ಟೇ ಆ ದಿನದ ಪಾಠ. ಮುಳುಗಿಸುವುದು ಬೇಡವೆಂದು ಮೊದಲೇ ಹೇಳಿದ್ದೆ. ಈ ವಯಸ್ಸಿನವು ನೀರು ನುಂಗಿಬಿಡುತ್ತವೆ.

ಕೊನೆಗೆ ತಲೆಗೆ ನೀರು. ಕೋಚ್ "ಒನ್, ಟೂ, ತ್ರೀ" ಎಂದು ಪುಟ್ಟ ಲೋಟ ಬಗ್ಗಿಸಿದರು. ಪುಟ್ಟಿ ಬಾಯಿ ತೆರೆದುಕೊಂಡೇ ಇದ್ದಳು, ಕೆಮ್ಮಿದಳು, ಅತ್ತಳು. ಸಮಾಧಾನವಾದ ಮೇಲೆ ಲೋಟ ನಾನು ತೆಗೆದುಕೊಂಡೆ. ಅಮ್ಮ ದಿನಾ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ಚೊಂಬು ಎತ್ತುವಾಗ ರಾಗವಾಗಿ ಹೇಳುವುದು ನಾಲಿಗೆಗೆ ಬಂತು: "ಬಂತು ಬಂತು ನೀರು ಬಂತೂ..." ಪುಟ್ಟಿ ಕಣ್ಣು ಗಟ್ಟಿಯಾಗಿ ಮುಚ್ಚಿದಳು, ಬಾಯಿಯನ್ನೂ. ನೀರು ಹಣೆಯಿಂದ ಇಳಿದುಹೋದ ಮೇಲೆ ಒಂದು ಸಲ ಉಸಿರು ಬಿಟ್ಟು ನಕ್ಕಳು. "ಇದನ್ನ ಯಾರು ಕಲಿಸಿದ್ರು?" ಅಂದರು ಕೋಚ್. ನೀರು ಬರುತ್ತದೆಂದು ಮಗುವಿಗೆ ಗೊತ್ತಾಗುವಂಥ ಒಂದು ಮಾತು ರೂಢಿ ಮಾಡಿಸುವುದಕ್ಕೇ ಅವರಿಗೆ ಎಷ್ಟೋ ಕ್ಲಾಸು ಹಿಡಿಯುತ್ತದಂತೆ.

ಹದಿನೆಂಟನೇ ನಿಮಿಷಕ್ಕೆ ಗದ್ದ ನಡುಗಿತು. ಕ್ಲಾಸು ಇನ್ನೂ ಇತ್ತು, ನಾನು ಎತ್ತಿಕೊಂಡು ಮೇಲೆ ಬಂದೆ. ಟವೆಲ್ಲಿನಲ್ಲಿ ಸುತ್ತಿ ಹಾಲು ಕೊಟ್ಟರೆ ಆಟೋ ಹತ್ತುವ ಮೊದಲೇ ನಿದ್ದೆ.

ಅಮ್ಮ ಬಾಗಿಲಲ್ಲೇ ಕೇಳಿದಳು, "ಸೀನಿದ್ಲಾ?" ಇಲ್ಲ ಅಂದೆ. ಲೋಟದ ಕಥೆ ಹೇಳಿದೆ. ಅಮ್ಮ ಏನೂ ಮಾತಾಡದೆ ಅವಳ ಕೆನ್ನೆ ಒರೆಸಿದಳು. ರಾತ್ರಿ ಊಟಕ್ಕೆ ಕೂತಾಗ, "ಎಣ್ಣೆನೀರು ಶುಕ್ರವಾರಕ್ಕೆ ಹಾಕ್ಕೊಳ್ಳೋಣ ಬಿಡು. ಬೊಟ್ಟು ಅಂಗಾಲಿಗೆ ಇಡ್ತೀನಿ" ಅಂದಳು. ಅದೂ ತೊಳೆದುಹೋಗುತ್ತದೆ ಅಂತ ನಾನು ಹೇಳಲಿಲ್ಲ.