ಗುಳೆ ಹೋಗೋ ಮುಂಚೆ ಮಗುಗೆ ಹೇಳಿ ಹೋಗಿ: ನಮ್ಮೂರಲ್ಲಿ ನಾವು ಮಾಡಿದ್ದು

ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಶಾಲೇಲಿ ಟೀಚರ್ ನಾನು. ನಮ್ಮ ಕಡೆ ಗುಳೆ ಅನ್ನೋದು ಹೊಸದೇನಲ್ಲ, ದೀಪಾವಳಿ ಮುಗೀತಿದ್ದಂಗೆ ಬೆಂಗಳೂರು, ಪುಣೆ, ಮುಂಬೈ ಅಂತ ಬಿಲ್ಡಿಂಗ್ ಕೆಲಸಕ್ಕೆ ಹೊರಟು ಅರ್ಧ ಓಣಿ ಖಾಲಿ ಆಗುತ್ತೆ, ಮಕ್ಕಳು ಅಜ್ಜಿ ಹತ್ರ ಉಳೀತವೆ. ಬಸ್ಸು ಇರೋದು ರಾತ್ರಿ. ಮಗು ಅತ್ರೆ ಕಾಲು ಕೀಳಕ್ಕಾಗಲ್ಲ ಅಂತ ಮಲಗಿಸಿ ಸದ್ದಿಲ್ಲದೆ ಹೋಗ್ಬಿಡ್ತಾರೆ. ಬೆಳಿಗ್ಗೆ ಎದ್ರೆ ಅವ್ವ ಇಲ್ಲ.

ಇದು ಕ್ಲಾಸಲ್ಲಿ ಹೆಂಗೆ ಕಾಣುತ್ತೆ ಅಂದ್ರೆ, ನನ್ನ ನಲಿ-ಕಲಿ ಕ್ಲಾಸಲ್ಲಿ ಒಬ್ಬ ಹುಡುಗ, ಬಿಸಿಯೂಟ ಆದ್ಮೇಲೆ ತೂಕಡಿಕೆ ಬರುತ್ತೆ, ತಲೆ ಬಾಗುತ್ತೆ, ತಕ್ಷಣ ಬೆಚ್ಚಿ ಎದ್ದು ನಾನಿದೀನಾ ಅಂತ ನೋಡ್ತಾನೆ. ಚಾಕ್ ತರಕ್ಕೆ ಹೊರಗೆ ಹೋದ್ರೆ ಬಾಗಿಲ ತನಕ ಬಂದು ನಿಲ್ತಾನೆ. ಬ್ಯಾಗಿನ ಪಟ್ಟಿ ಮಣಿಕಟ್ಟಿಗೆ ಸುತ್ಕೊಂಡೇ ಕೂರೋದು. ಇಂಥ ಮಕ್ಕಳಿಗೆ ನಾವಿಟ್ಟ ಹೆಸರು ಮೊಂಡ, ಓದಕ್ಕೆ ಲಕ್ಷ್ಯ ಇಲ್ಲ. ರಾತ್ರಿ ಕಣ್ಣು ಮುಚ್ಚಿದ್ರೆ ಮನೆಯವರು ಮಾಯ ಆಗ್ತಾರೆ ಅಂತ ಕಲಿತ ಮಗು ನಿದ್ದೆ ಮಾಡೋದಾದ್ರೂ ಹೆಂಗೆ?

ಆಮೇಲೆ ಒಂದು ಟ್ರೈನಿಂಗಲ್ಲಿ ಬಾಲ್ಯದ ಆಘಾತದ ಬಗ್ಗೆ ಕೇಳಿದೆ. ಅಮೆರಿಕದ ಫೆಲಿಟಿ, ಆಂಡಾ ಅನ್ನೋ ಡಾಕ್ಟರುಗಳು 9,500ಕ್ಕೂ ಹೆಚ್ಚು ಜನರನ್ನ ಕೇಳಿ 1998ರಲ್ಲಿ ಪ್ರಕಟ ಮಾಡಿದ್ದು, ಬಾಲ್ಯದಲ್ಲಿ ಇಂಥ ಆಘಾತ ಹೆಚ್ಚಾದಷ್ಟೂ ದೊಡ್ಡೋರಾದ ಮೇಲೆ ಹೃದಯದ ಕಾಯಿಲೆ, ಕುಡಿತ, ಖಿನ್ನತೆ ಹೆಚ್ಚು ಅಂತ. ಟ್ರೈನಿಂಗಿಂದ ಬಂದ ಕೆಲವರು ಆ ಡಾಕ್ಟರುಗಳ ಆಘಾತದ ಪಟ್ಟಿ ಹಿಡ್ಕೊಂಡು, ಯಾವ ಮಗುಗೆ ಎಷ್ಟು ಆಗಿದೆ ಅಂತ ಎಣಿಸಿ ಸ್ಕೋರ್ ಹಾಕಕ್ಕೆ ಶುರು ಮಾಡಿದ್ರು, ನಾನು ಒಪ್ಪಲಿಲ್ಲ. ಆ ಸ್ಕೋರನ್ನ ಒಬ್ಬೊಬ್ಬರ ಭವಿಷ್ಯ ಹೇಳಕ್ಕೆ ಬಳಸಬೇಡಿ ಅಂತ ಆಂಡಾ ಅವರೇ 2020ರಲ್ಲಿ ಬರೆದಿದಾರೆ. ಅದೂ ಅಲ್ದೆ ಅವರ ಪಟ್ಟೀಲಿ ಗುಳೆ ಎಲ್ಲಿದೆ?

ಊರಲ್ಲಿ ಆಘಾತ ಅಂತ ಭಾಷಣ ಇಟ್ರೆ ಯಾರೂ ಬರಲ್ಲ. ಅದಕ್ಕೆ ಸ್ವಸಹಾಯ ಸಂಘದ ಮೀಟಿಂಗಿಗೆ ಹೋಗಿ, ಕಂತು ಕಟ್ಟೋದು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳ್ತಿದ್ದೆ, ನಿಮ್ಮ ಮಗು ರಾತ್ರಿ ಹೆಂಗೆ ಮಲಗುತ್ತೆ? ಅಷ್ಟೇ ಸಾಕಾಯ್ತು, ಒಬ್ರಾದ್ಮೇಲೆ ಒಬ್ರು ಮಾತು ಶುರು. ಹಾಸಿಗೆ ಒದ್ದೆ ಮಾಡುತ್ತೆ, ಸೆರಗು ಬಿಡಲ್ಲ, ಕಿರುಚ್ಕೊಂಡು ಏಳುತ್ತೆ. ಒಬ್ಬ ಅಜ್ಜಿ ಅಂದ್ರು, "ದೆವ್ವ ಬಡದೈತಂತ ತಾಯತ ಕಟ್ಟಿಸೀನ್ರಿ ಟೀಚರ್, ಅವ್ವನ ಫೋನ್ ಬಂದ ದಿನ ಮಾತ್ರ ಚಂದ ಮಲಗ್ತದ." ಎಲ್ಲರೂ ನಕ್ಕರು, ಆದ್ರೆ ವಿಷಯ ಅಲ್ಲೇ ಇತ್ತಲ್ವಾ.

ಅಲ್ಲಿಂದ ಊರಲ್ಲಿ ಒಂದು ಪದ್ಧತಿ ಆಯ್ತು. ಸಂತೆಗೆ ಹೋಗಿ ಬರ್ತೀನಿ ಅಂತ ಸುಳ್ಳು ಹೇಳಂಗಿಲ್ಲ. ಹಗಲು ಹೊತ್ತಲ್ಲಿ ಮಗೂನ ಕೂರಿಸಿ ಎಲ್ಲಿಗೆ, ಯಾಕೆ, ಯಾರ ಹತ್ರ ಇರ್ತೀಯ, ಯಾವ ವಾರ ಫೋನ್ ಮಾಡ್ತೀನಿ ಹೇಳ್ಬೇಕು. ಅತ್ರೆ ಅಳಲಿ. ಕ್ಲಾಸಲ್ಲಿ ಕ್ಯಾಲೆಂಡರ್ ಹಾಕಿ ಯುಗಾದಿಗೋ ಜಾತ್ರೆಗೋ ಅಪ್ಪ ಅವ್ವ ಬರೋ ಹೊತ್ತಿಗೆ ಗುರುತು ಮಾಡಿಸ್ತೀನಿ, ನಾನು ರಜೆ ಹಾಕೋದಿದ್ರೂ ಹಿಂದಿನ ದಿನಾನೇ ಹೇಳ್ತೀನಿ. ಬಿಸಿಯೂಟದ ಅಕ್ಕಂದಿರಿಗೂ ಹೇಳಿಟ್ಟಿದೀನಿ, ಯಾವ ಮಗು ಊಟ ಬಿಡ್ತು, ಯಾವುದು ಮೊಟ್ಟೆ ಜೇಬಿಗಿಟ್ಕೊಳ್ತು ಅಂತ ನಮಗಿಂತ ಮೊದಲು ಗೊತ್ತಾಗೋದು ಅವರಿಗೇ.

ಅಜ್ಜಿಯರನ್ನ ಬರೀ ಕಾವಲುಗಾರರು ಅಂದ್ಕೊಂಡಿದ್ದು ತಪ್ಪು. ಹವಾಯಿಯ ಕೌವೈ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ಎಮ್ಮಿ ವರ್ನರ್ ಅನ್ನೋ ಮನಶ್ಶಾಸ್ತ್ರಜ್ಞೆ ದಶಕಗಟ್ಟಲೆ ಗಮನಿಸಿದ್ರು, ತುಂಬಾ ಕಷ್ಟದಲ್ಲಿ ಬೆಳೆದ ಮಕ್ಕಳಲ್ಲೂ ಮೂರನೇ ಒಂದು ಭಾಗ ಚೆನ್ನಾಗೇ ಬಾಳಿದ್ರು, ಅವರಿಗೆ ಅಪ್ಪ ಅಮ್ಮ ಅಲ್ದಿದ್ರೂ ಅಜ್ಜಿಯೋ ಟೀಚರೋ ನಂಬೋಕೆ ಒಬ್ರಾದ್ರೂ ಇದ್ರು. ಇದನ್ನ ನಮ್ಮ ಅಜ್ಜಿಯರಿಗೆ ಹೇಳಿದ್ರೆ ಮುಖ ಅರಳುತ್ತೆ.

ಎಲ್ಲಾ ಇದರಲ್ಲೇ ಸರಿ ಹೋಗಲ್ಲ. ವಾರಗಟ್ಟಲೆ ಮಾತೇ ಬಿಟ್ಟ ಮಗು ಇದ್ರೆ ಮಂಗಳವಾರ ತಾಲೂಕು ಆಸ್ಪತ್ರೆಯ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಕಳಿಸ್ತೀವಿ, ಇಲ್ಲಾಂದ್ರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416. ಯಾರಾದ್ರೂ ಮೈ ಮುಟ್ಟಿದಾರೆ ಅನ್ನೋ ಅನುಮಾನ ಬಂದ್ರೆ ಊರ ಪಂಚಾಯ್ತಿ ಕಟ್ಟೆಯಲ್ಲಿ ರಾಜಿ ಮಾಡೋ ಮಾತೇ ಇಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ತೀವಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ಅಪ್ಪಂದಿರು ಇನ್ನೂ ಈ ಮಾತಿಗೆ ಸಿಗ್ತಿಲ್ಲ, ಫೋನಲ್ಲಿ ದುಡ್ಡಿನ ವಿಷಯ ಮುಗೀತಿದ್ದಂಗೆ ಕಟ್. ಈ ಸಲ ಮಕ್ಕಳ ಗ್ರಾಮಸಭೇಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, ಅರಿವು ಕೇಂದ್ರ (ಪಂಚಾಯ್ತಿ ಗ್ರಂಥಾಲಯ) ಸಂಜೆ ಏಳರ ತನಕ ತೆಗೆದಿಡಿ, ಅಪ್ಪ ಕೆಲಸ ಬಿಡೋದೇ ಆರಕ್ಕೆ, ಅಲ್ಲಿಂದ ವಿಡಿಯೋ ಕಾಲ್ ಮಾಡ್ಬೇಕು ಅಂತ ಕೇಳಿದ್ಲು. ಪಿಡಿಒ ಬರ್ಕೊಂಡ್ರು. ಇನ್ನೂ ಆಗಿಲ್ಲ, ವಾರಕ್ಕೊಮ್ಮೆ ಹೋಗಿ ನೆನಪಿಸ್ತಿದೀನಿ.