ತಪ್ಪಾದರೆ ನಿಲ್ಲುವ ಬ್ಯಾಷ್ ಸ್ಕ್ರಿಪ್ಟ್: ನನ್ನ ಅನುಭವ

ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ನಾವು ಬರೆದಿಟ್ಟ ಕಮಾಂಡುಗಳನ್ನು ಸಾಲುಸಾಲಾಗಿ ಓಡಿಸುವ ಬ್ಯಾಷ್‌ನ ಸ್ವಭಾವವೇ ವಿಚಿತ್ರ. ಒಂದು ಕಮಾಂಡ್ ಕೈಕೊಟ್ಟರೂ ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋಗುತ್ತದೆ. ಬೇರೆ ಫೋಲ್ಡರಿಗೆ ಕರೆದೊಯ್ಯಬೇಕಿದ್ದ ‘ಸಿಡಿ’ ವಿಫಲವಾಗಿ, ಕೆಳಗಿನ ಸಾಲಿನಲ್ಲಿ ಫೈಲ್ ಅಳಿಸುವ ‘ಆರ್‌ಎಂ’ ಕಾದಿದ್ದರೆ, ಅದು ಇದ್ದ ಜಾಗದಲ್ಲೇ ಅಳಿಸಲು ತೊಡಗುತ್ತದೆ.

ಹಾಗಾಗಿ ನನ್ನ ಬ್ಯಾಕಪ್ ಸ್ಕ್ರಿಪ್ಟುಗಳ ಆರಂಭದಲ್ಲೇ ‘ಎರ್‌ಎಕ್ಸಿಟ್’ (ಕಮಾಂಡ್ ಸೋತರೆ ನಿಲ್ಲು), ‘ನೋಅನ್‌ಸೆಟ್’ (ಬೆಲೆಯೇ ಇಡದ ವೇರಿಯಬಲ್ ಬಳಸಿದರೆ ನಿಲ್ಲು), ‘ಪೈಪ್‌ಫೇಲ್’ (ಒಂದರ ಔಟ್‌ಪುಟ್ ಇನ್ನೊಂದಕ್ಕೆ ಹರಿಯುವ ಪೈಪಿನಲ್ಲಿ ಯಾವ ಕಮಾಂಡ್ ಸೋತರೂ ಸೋಲೆಂದು ಎಣಿಸು) ಮೂರನ್ನೂ ‘ಸೆಟ್’ ಮೂಲಕ ಹಾಕಿಬಿಡುತ್ತೇನೆ. ನನಗೆ ಹೆಚ್ಚು ಉಪಕಾರ ಮಾಡಿರುವುದು ಕೊನೆಯದು. ಡೇಟಾಬೇಸಿನಿಂದ ತೆಗೆದದ್ದನ್ನು ಪೈಪಿನಲ್ಲಿ ನೇರವಾಗಿ ‘ಜಿಜಿಪ್’ಗೆ ಕೊಡುತ್ತೇನೆ. ತೆಗೆಯುವ ಕೆಲಸ ಅರ್ಧಕ್ಕೇ ನಿಂತರೂ ಜಿಜಿಪ್ ಬಂದಷ್ಟನ್ನು ಕುಗ್ಗಿಸಿಟ್ಟು ಸೊನ್ನೆ, ಅಂದರೆ ‘ಎಲ್ಲ ಸರಿ’, ಎನ್ನುತ್ತದೆ. ಪೈಪ್‌ಫೇಲ್ ಇಲ್ಲದಿದ್ದರೆ ಬ್ಯಾಷ್ ಲೆಕ್ಕಕ್ಕೆ ಹಿಡಿಯುವುದು ಕೊನೆಯ ಕಮಾಂಡಿನ ಎಕ್ಸಿಟ್ ಕೋಡನ್ನು, ಅಂದರೆ ಅದು ಮುಗಿದಾಗ ಕೊಡುವ ಅಂಕಿಯನ್ನು, ಮಾತ್ರ.

ಎರ್‌ಎಕ್ಸಿಟ್ ಒಂದನ್ನೇ ನಂಬಿ ಕೂರುವವರನ್ನು ಕಂಡರೆ ನನಗೆ ದಿಗಿಲು. ‘ಇಫ್’ ಷರತ್ತಿನಲ್ಲಿ ಫಂಕ್ಷನ್ ಒಂದನ್ನು ಕರೆದರೆ, ಆ ಫಂಕ್ಷನ್ನಿನ ಒಳಗೆಲ್ಲ ಅದು ಕಣ್ಣು ಮುಚ್ಚಿಕೊಳ್ಳುತ್ತದೆ. ಫಂಕ್ಷನ್ನಿನೊಳಗೆ ವೇರಿಯಬಲ್ ಘೋಷಿಸುವ ‘ಲೋಕಲ್’ ಇನ್ನೂ ಕಪಟಿ. ವೇರಿಯಬಲ್ ಘೋಷಿಸುವ ಸಾಲಿನಲ್ಲೇ ಕಮಾಂಡೊಂದರ ಔಟ್‌ಪುಟ್ ತುಂಬಿಸಿದರೆ ಉಳಿಯುವುದು ‘ಲೋಕಲ್’ನ ಸೊನ್ನೆ, ಒಳಗಿನ ಕಮಾಂಡಿನ ಸೋಲು ಅಲ್ಲೇ ಅಡಗಿಹೋಗುತ್ತದೆ. ಆದ್ದರಿಂದ ಘೋಷಣೆಗೆ ಒಂದು ಸಾಲು, ತುಂಬಿಸಲು ಇನ್ನೊಂದು ಸಾಲು ಬರೆಯುತ್ತೇನೆ. ನೋಡಲು ಪೆದ್ದುಪೆದ್ದಾಗಿದೆ, ಇರಲಿ.

ಹಾಗೆಂದು ಸೊನ್ನೆಯಲ್ಲದ ಕೋಡೆಲ್ಲ ತಪ್ಪೇನಲ್ಲ. ಫೈಲಿನೊಳಗೆ ಪದ ಹುಡುಕುವ ‘ಗ್ರೆಪ್’, ಹುಡುಕಿದ್ದು ಸಿಗದಿದ್ದರೆ 1, ಫೈಲನ್ನೇ ಓದಲಾಗದಿದ್ದರೆ 2 ಕೊಡುತ್ತದೆ. ಮೊದಲನೆಯದಕ್ಕೆ ಸ್ಕ್ರಿಪ್ಟ್ ಸಾಯಬೇಕಿಲ್ಲ. ಅನೇಕರು ಸಾಲಿನ ಬಾಲಕ್ಕೆ ಯಾವಾಗಲೂ ಸೊನ್ನೆ ಕೊಡುವ ‘ಟ್ರೂ’ ಅಂಟಿಸಿ ಎರಡನ್ನೂ ನುಂಗಿಹಾಕುತ್ತಾರೆ. ನಾನು ಮೊದಲೇ ಸೊನ್ನೆ ಇಟ್ಟ ವೇರಿಯಬಲ್ಲಿಗೆ, ಗ್ರೆಪ್‌ನ ನಂತರ ಎರಡು ಗೀಟಿನ ‘ಅಥವಾ’ (||, ಮೊದಲಿನದು ಸೋತರೆ ಮಾತ್ರ ಮುಂದಿನದು ಓಡುತ್ತದೆ) ಹಾಕಿ, ಕೋಡನ್ನು ಹಿಡಿಯುತ್ತೇನೆ. ಅದು 1ಕ್ಕಿಂತ ಹೆಚ್ಚಿದ್ದರೆ ಮಾತ್ರ ಫೈಲಿನ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ತಪ್ಪಿನ ಸಂದೇಶಗಳ ಹಾದಿಯಾದ ಸ್ಟ್ಯಾಂಡರ್ಡ್ ಎರರ್‌ಗೆ ಬರೆದು ನಿಲ್ಲಿಸುತ್ತೇನೆ. ಬರೀ ‘ತಪ್ಪಾಗಿದೆ’ ಎಂಬ ಸಂದೇಶದಿಂದ ನಡುರಾತ್ರಿ ಎದ್ದು ಲಾಗ್ ನೋಡುವವರಿಗೆ ಏನೂ ಉಪಯೋಗವಿಲ್ಲ.

ತಾತ್ಕಾಲಿಕ ಫೈಲುಗಳನ್ನು ಅಳಿಸುವ ಹೊಣೆ ‘ಟ್ರ್ಯಾಪ್’ನದು. ಅದನ್ನು ‘ಎಕ್ಸಿಟ್’ಗೆ, ಅಂದರೆ ಸ್ಕ್ರಿಪ್ಟ್ ಮುಗಿಯುವ ಗಳಿಗೆಗೆ, ಕಟ್ಟಿಬಿಟ್ಟರೆ ಸ್ಕ್ರಿಪ್ಟ್ ಗೆದ್ದರೂ ಸೋತರೂ ಓಡುತ್ತದೆ. ಪ್ರೋಗ್ರಾಮನ್ನು ತಕ್ಷಣ ಕೊಲ್ಲುವ ‘ಕಿಲ್ -9’ ಬಂದಾಗ ಮಾತ್ರ ಅದಕ್ಕೂ ಅವಕಾಶವಿಲ್ಲ; ಹೊರಗೆ ಕಾಣುವುದು 137, ಅಂದರೆ 128ಕ್ಕೆ 9 ಕೂಡಿಸಿದ್ದು. ಇದಕ್ಕೆಂದೇ ಬ್ಯಾಕಪ್ಪನ್ನು ಮೊದಲು ಬೇರೆ ಹೆಸರಿನಲ್ಲಿ ಬರೆದು, ಎಲ್ಲ ಮುಗಿದ ಮೇಲೆ ಅದೇ ಫೈಲ್ ಸಿಸ್ಟಮ್ಮಿನೊಳಗೆ ‘ಎಂವಿ’ಯಿಂದ ನಿಜವಾದ ಹೆಸರು ಕೊಡುತ್ತೇನೆ. ಮಧ್ಯದಲ್ಲಿ ಯಾರು ಕೊಂದರೂ ಅರ್ಧಂಬರ್ಧ ಫೈಲು ಪೂರ್ಣ ಬ್ಯಾಕಪ್ಪಿನ ಹೆಸರು ಹೊತ್ತು ಕೂರುವುದಿಲ್ಲ.