ಮಕ್ಕಳ ಕೈಯಿಂದ ಅವರ ತಂದೆಗೆ ದೀಪಾವಳಿಯ ಉಡುಗೊರೆ: ನನ್ನ ಅನುಭವ

ದೀಪಾವಳಿಯಲ್ಲಿ ಮಕ್ಕಳು ಹೆತ್ತವರಿಗೆ ಉಡುಗೊರೆ ಕೊಡುವ ವಾಡಿಕೆ ನಮ್ಮ ಹಾಸನದ ಕಡೆ ಇಲ್ಲ. ಕೊಡುವವರು ಹಿರಿಯರು, ಪಡೆಯುವವರು ಮಕ್ಕಳು. ಆದ್ದರಿಂದ 2021ರ ಹಬ್ಬಕ್ಕೆ ಮೊದಲು, ತಂದೆ ಕಳುಹಿಸಿದ್ದ ಹೊಸ ಬಟ್ಟೆಯ ಪೊಟ್ಟಣವನ್ನು ಬಿಚ್ಚುತ್ತಾ ಒಂಬತ್ತು ವರ್ಷದ ಮಗಳು “ನಾವು ಅಪ್ಪನಿಗೆ ಏನೂ ಕೊಡೋದಿಲ್ವಾ?” ಎಂದು ಕೇಳಿದಾಗ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಆಗ ಮಗನಿಗೆ ನಾಲ್ಕು ವರ್ಷ. ಅಕ್ಕ ಏನು ಕೇಳಿದಳೋ ಅದನ್ನೇ ಅವನೂ ಕೇಳಿದ. ಕೊಡೋಣ ಎಂದೆ. ಏನು ಕೊಡಬೇಕು ಎಂಬುದು ನನಗೆ ಸರಿಯಾಗಿ ತಿಳಿಯಲು ನಾಲ್ಕು ದೀಪಾವಳಿಗಳೇ ಬೇಕಾದವು.

ನಮ್ಮದು 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಅಡಿಯಲ್ಲಿ ಪರಸ್ಪರ ಒಪ್ಪಿಗೆಯಿಂದ ಆದ ವಿಚ್ಛೇದನ. ಅರ್ಜಿ ಹಾಕಿದ ಮೇಲೆ ಕಾಯ್ದೆ ಹೇಳುವ 6 ತಿಂಗಳನ್ನು ಕಾದು, ಎರಡನೆಯ ಸಲ ನ್ಯಾಯಾಧೀಶರ ಮುಂದೆ ನಿಂತು ಒಪ್ಪಿಗೆಯೆಂದು ಹೇಳಿ ಹೊರಬಂದವರು ನಾವು. ಒಪ್ಪಂದದ ಹಾಳೆಯಲ್ಲಿ ಮಕ್ಕಳು ಯಾವ ಶನಿವಾರ ಎಲ್ಲಿರಬೇಕು, ಶಾಲೆಯ ಶುಲ್ಕವನ್ನು ಯಾರು ಕಟ್ಟಬೇಕು, ನರಕ ಚತುರ್ದಶಿ ಮತ್ತು ಅಮಾವಾಸ್ಯೆ ನನ್ನ ಮನೆಯಲ್ಲಿ, ಬಲಿಪಾಡ್ಯಮಿ ತಂದೆಯ ಮನೆಯಲ್ಲಿ ಎಂಬುದೆಲ್ಲ ಬರೆದಿದೆ. ಉಡುಗೊರೆಯ ಮಾತು ಅದರಲ್ಲಿಲ್ಲ. ಅವರ ತೋಟ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಕಡೆ ಇರುವುದರಿಂದ ಮಕ್ಕಳನ್ನು ಒಪ್ಪಿಸಿಕೊಳ್ಳುವುದೂ ಹಿಂದಿರುಗಿಸುವುದೂ ನಡುದಾರಿಯಾದ ಬೇಲೂರಿನ ಬಸ್ ನಿಲ್ದಾಣದಲ್ಲಿ. “ಮಾಜಿ ಪತಿ” ಎಂಬುದು ಪತ್ರಿಕೆಗಳಲ್ಲಿ ಓದುವ ಮಾತೇ ಹೊರತು ಬಾಯಲ್ಲಿ ಆಡುವ ಮಾತಲ್ಲ. ನಾನು ಅವರನ್ನು ಮಕ್ಕಳ ತಂದೆ ಎನ್ನುತ್ತೇನೆ. ಉಡುಗೊರೆಯನ್ನು ಆರಿಸುವಾಗಲೂ ಅವರನ್ನು ಅಷ್ಟೇ ಆಗಿ ನೋಡಬೇಕಿತ್ತು ಎಂಬುದು ಆಮೇಲೆ ತಿಳಿಯಿತು.

ಮೊದಲ ವರ್ಷ ನಾನು ಒಂದು ಅಂಗಿ ಕೊಂಡೆ. ಅವರ ಅಳತೆ ನನಗೆ ಗೊತ್ತಿತ್ತು, ಯಾವ ಬಣ್ಣ ಒಪ್ಪುತ್ತದೆ ಎಂಬುದೂ ಗೊತ್ತಿತ್ತು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತೆಂದು ಸಮಾಧಾನಪಟ್ಟೆ. ಹಬ್ಬ ಮುಗಿಸಿ ಬಂದ ಮಗಳು, “ಅಜ್ಜಿ ಎಲ್ಲರಿಗೂ ತೋರಿಸಿದ್ರು, ಮಾವನ ಮನೆಯಿಂದ ಹಬ್ಬದ ಬಟ್ಟೆ ಬಂದಿದೆ ಅಂದ್ರು” ಎಂದು ಹೇಳಿದಾಗ ತಪ್ಪು ಎಲ್ಲಿ ಆಯಿತೆಂದು ಹೊಳೆಯಿತು. ದೀಪಾವಳಿಗೆ ಅಳಿಯನನ್ನು ಕರೆದು ಎಣ್ಣೆನೀರು ಹಾಕಿಸಿ ಹೊಸ ಬಟ್ಟೆ ಕೊಡುವ ನಾಡು ನಮ್ಮದು. ಹೆಂಡತಿಯ ಮನೆಯ ಕಡೆಯಿಂದ ಈ ಹಬ್ಬಕ್ಕೆ ಗಂಡಸಿನ ಅಂಗಿಯೊಂದು ಹೋಯಿತೆಂದರೆ ಅದರ ಮೇಲೆ ಮಕ್ಕಳ ಹೆಸರು ಎಷ್ಟು ದೊಡ್ಡದಾಗಿ ಬರೆದಿದ್ದರೂ ಅದು ಅಳಿಯನ ಬಟ್ಟೆಯೇ. ಆ ಹಿರಿಯರು ಅದನ್ನು ರಾಜಿಯ ಸೂಚನೆ ಎಂದು ತಿಳಿದುಕೊಂಡದ್ದರಲ್ಲಿ ಅವರ ತಪ್ಪೇನೂ ಇಲ್ಲ. ನನ್ನ ತಾಯಿಯೂ ವಿಷಯ ತಿಳಿದು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಅವರ ಸಿಟ್ಟಿಗೆ ಕಾರಣ ಬೇರೆಯಾದರೂ ಮೂಲ ಅದೇ ಅಂಗಿ.

ಮರುವರ್ಷದ ಹೊತ್ತಿಗೆ ಅವರಿಗೆ ಮತ್ತೆ ಮದುವೆಯಾಗಿತ್ತು. ಬಟ್ಟೆಯ ಗೊಡವೆ ಬೇಡವೆಂದು ಮಕ್ಕಳ ಫೋಟೊಗೆ ಚೌಕಟ್ಟು ಹಾಕಿಸಿದೆವು. ಬೇಲೂರಿನ ಚೆನ್ನಕೇಶವ ದೇವಾಲಯದ ಮುಂದೆ ತೆಗೆದ, ಇಬ್ಬರೂ ನಗುತ್ತಿರುವ ಚಿತ್ರ. ಮೂಲದಲ್ಲಿ ನಾನೂ ಇದ್ದೆ, ಸ್ಟುಡಿಯೋದವರಿಗೆ ಹೇಳಿ ನನ್ನ ಭಾಗವನ್ನು ತೆಗೆಸಿದ್ದೆ. ಮಗನ ಹೆಗಲ ಮೇಲಿದ್ದ ನನ್ನ ಕೈ ಮಾತ್ರ, ಹಸಿರು ಬಳೆಗಳ ಸಮೇತ, ಹಾಗೇ ಉಳಿದುಕೊಂಡಿತ್ತು. ಅದನ್ನು ನಾನು ಗಮನಿಸಿದ್ದು ಚೌಕಟ್ಟು ಆಲ್ದೂರು ತಲುಪಿದ ಮೇಲೆ, ಮೊಬೈಲಿನಲ್ಲಿ ಅದರ ಪ್ರತಿಯನ್ನು ನೋಡುವಾಗ. ಹೊಸದಾಗಿ ಬಂದ ಹೆಣ್ಣುಮಗಳ ಮನೆಯ ಗೋಡೆಯ ಮೇಲೆ ನನ್ನ ಬಳೆ ತೊಟ್ಟ ಕೈ. ಯಾರೂ ಏನೂ ಅನ್ನಲಿಲ್ಲ. ಆದರೆ ನಾನು ಆ ಮನೆಯಲ್ಲಿದ್ದು ನನ್ನ ಗಂಡನ ಮೊದಲ ಹೆಂಡತಿಯ ಕೈಯನ್ನು ದಿನವೂ ನೋಡಬೇಕಾಗಿ ಬಂದಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ, ಒಂದು ತಿಂಗಳ ಬಳಿಕ ಮಕ್ಕಳಿಬ್ಬರೇ ಇರುವ ಬೇರೊಂದು ಚಿತ್ರವನ್ನು ಅದೇ ಅಳತೆಯಲ್ಲಿ ಮುದ್ರಿಸಿ, ಹಳೆಯದು ಮಸುಕಾಗಿದೆ ಎಂಬ ನೆಪ ಹೇಳಿ ಕಳುಹಿಸಿದೆ.

2023ರಲ್ಲಿ ಬೇಸತ್ತು ಪೂರ್ತಿ ಮಕ್ಕಳಿಗೇ ಬಿಟ್ಟೆ. ಮಗ ಅಪ್ಪನಿಗೆಂದು ರಿಮೋಟ್ ಕಾರು ಆರಿಸಿದ. ಅದು ಯಾರಿಗೆ ಬೇಕಾದದ್ದು ಎಂಬುದನ್ನು ವಿವರಿಸಬೇಕಿಲ್ಲ.

ಈ ಮೂರು ಅನುಭವಗಳ ಮೇಲೆ 2024ರ ಹಬ್ಬಕ್ಕೆ ನಾನು ಕೆಲಸವನ್ನು ಬೇರೆ ಕ್ರಮದಲ್ಲಿ ಹಿಡಿದೆ. ಮೊದಲನೆಯದಾಗಿ, ದಸರಾ ರಜೆಯಲ್ಲೇ ಆರಂಭಿಸಿದೆ. ಹಾಸನದಲ್ಲಿ ಇದಕ್ಕೊಂದು ಸ್ಥಳೀಯ ಕಾರಣವಿದೆ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ, ವರ್ಷಕ್ಕೊಮ್ಮೆ ಮಾತ್ರ ದರ್ಶನವಿರುವ ಹಾಸನಾಂಬೆಯ ಗುಡಿಯ ಬಾಗಿಲು ತೆರೆದರೆ (ಆ ವರ್ಷ ಅಕ್ಟೋಬರ್ 24ಕ್ಕೆ ತೆರೆಯಿತು) ದೀಪಾವಳಿ ಮುಗಿಯುವ ತನಕ ಊರು ನಮ್ಮದಾಗಿರುವುದಿಲ್ಲ. ದೇವಾಲಯದ ಸುತ್ತಿನ ಬೀದಿಗಳಲ್ಲಿ ಸಾಲು, ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ, ಬಸ್ಸಿನಲ್ಲಿ ಆಸನವಿಲ್ಲ. ಅಂಥ ನೂಕುನುಗ್ಗಲಿನಲ್ಲಿ ಏಳು ವರ್ಷದ ಹುಡುಗನನ್ನು ಕರೆದುಕೊಂಡು ಹೋದರೆ ಕೈಗೆ ಸಿಕ್ಕಿದ್ದನ್ನು ಕೊಂಡು ಮನೆ ಸೇರುವುದೇ ಆಗುತ್ತದೆ. ಅಂದಹಾಗೆ, ಹಾಸನಾಂಬೆಯ ಗುಡಿಯಲ್ಲಿ ಸೊಸೆ ಕಲ್ಲು ಎಂಬುದೊಂದಿದೆ. ದರ್ಶನಕ್ಕೆ ಬಂದ ಸೊಸೆಯನ್ನು ಅತ್ತೆ ಹೊಡೆದಾಗ ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿ ಇರಿಸಿಕೊಂಡಳೆಂದೂ, ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆಂದೂ ನಂಬಿಕೆ. ಮಾಜಿ ಸೊಸೆಯಾದ ನಾನು ಪ್ರತಿ ವರ್ಷ ಅದರ ಮುಂದೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಎರಡನೆಯದು, ಮಕ್ಕಳನ್ನು ಕೇಳುವ ಪ್ರಶ್ನೆ. ಇಲ್ಲಿ ನಾನು ಮೊದಲು ಎಡವಿದೆ. “ಅಪ್ಪನ ಮನೆಯಲ್ಲಿ ಏನಿಲ್ಲ?” ಎಂದು ಕೇಳಿದೆ. ನನ್ನ ಉದ್ದೇಶ ಬೇಕಾದ ವಸ್ತು ಯಾವುದೆಂದು ತಿಳಿಯುವುದಷ್ಟೇ ಆಗಿತ್ತು. ಆದರೆ ಮಗಳು ಫ್ರಿಜ್ ಹಳೆಯದು ಎಂದು ಶುರುಮಾಡಿ, ಯಾವ ವಸ್ತುವಿನ ವಿಷಯಕ್ಕೆ ಅಲ್ಲಿ ಯಾರ ಯಾರ ನಡುವೆ ಮಾತು ಬೆಳೆಯಿತು ಎಂಬಲ್ಲಿಗೆ ಬಂದಳು. ನಾನು ಕೇಳಬಾರದ ಸಂಗತಿ ಅದು. ಅದಕ್ಕಿಂತ ಹೆಚ್ಚಾಗಿ, ಅವಳು ನನ್ನ ಮುಖವನ್ನು ನೋಡುತ್ತಾ, ಎಷ್ಟು ಹೇಳಿದರೆ ಅಮ್ಮನಿಗೆ ಹಿತ ಎಂದು ಅಳೆಯುತ್ತಾ ಹೇಳುತ್ತಿದ್ದಳು. ಒಂದು ಮನೆಯ ಕೊರತೆಯನ್ನು ಇನ್ನೊಂದು ಮನೆಯಲ್ಲಿ ಲೆಕ್ಕ ಒಪ್ಪಿಸುವ ಕೆಲಸವನ್ನು ಉಡುಗೊರೆಯ ಹೆಸರಿನಲ್ಲಿ ಮಕ್ಕಳಿಗೆ ಹಚ್ಚುತ್ತಿದ್ದೇನೆ ಎನಿಸಿ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ನಾಲ್ಕು ದಿನ ಬಿಟ್ಟು ಪ್ರಶ್ನೆಯನ್ನು ಬದಲಿಸಿದೆ: “ಅಪ್ಪನ ಜೊತೆ ನೀವು ಏನೇನು ಮಾಡುತ್ತೀರಿ?”

ಮಗಳು ಸಂತೆ, ಸ್ಕೂಟರ್, ಸಂಜೆಯ ಕೇರಂ ಎಂದು ಹೇಳಿದಳು. ಮಗ ಬೇರೆಯದೇ ಒಂದನ್ನು ಹೇಳಿದ. ರೊಬಸ್ಟಾ ಕಾಫಿ ತೋಟಕ್ಕೆ ಹೂ ಬಿಡುವ ಕಾಲದಲ್ಲಿ, ಅಂದರೆ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕಾಗುತ್ತದೆ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಮೋಟಾರ್ ಹಾಕಲು ರಾತ್ರಿಯೇ ಹೋಗಬೇಕು. ಕಳೆದ ಮಾರ್ಚ್‌ನ ಒಂದು ಶನಿವಾರ ಹಟಮಾಡಿ ಇವನೂ ಹೋಗಿದ್ದನಂತೆ. “ಅಪ್ಪನ ಒಂದು ಕೈಯಲ್ಲಿ ಮೊಬೈಲ್ ಲೈಟು, ಇನ್ನೊಂದರಲ್ಲಿ ದೊಣ್ಣೆ. ನನ್ನ ಹಿಡ್ಕೊಳ್ಳೋಕೆ ಕೈಯೇ ಇರಲಿಲ್ಲ. ನಾನು ಅಂಗಿ ಹಿಡ್ಕೊಂಡು ನಡೆದೆ” ಎಂದ.

ಆನೆ ಓಡಾಡುವ ಸೀಮೆಯಲ್ಲಿ ಆ ಹೊತ್ತಿನಲ್ಲಿ ಮಗುವನ್ನು ಕರೆದುಕೊಂಡು ಹೋದದ್ದೇಕೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ. ಆ ವಿಷಯವನ್ನು ನಾನು ಆಮೇಲೆ ಅವರೊಡನೆ ನೇರವಾಗಿ, ಉಡುಗೊರೆಗೆ ಯಾವ ಸಂಬಂಧವೂ ಇಲ್ಲದಂತೆ ಮಾತನಾಡಿದೆ. ಆ ಹೊತ್ತಿಗೆ ಮಾಡಬೇಕಾಗಿದ್ದುದು ಹಣೆಗೆ ಕಟ್ಟಿಕೊಳ್ಳುವ ಟಾರ್ಚ್ ಹುಡುಕುವುದು. ಯೋಚಿಸಿದಷ್ಟೂ ಅದು ಸರಿಯೆಂದೇ ತೋರಿತು. ಉಡುವ ವಸ್ತುವಲ್ಲವಾದ್ದರಿಂದ ಅಳಿಯನ ಬಟ್ಟೆಯ ಮಾತು ಬರುವುದಿಲ್ಲ. ಅಡುಗೆಮನೆಗೆ ಸೇರಿದ್ದಲ್ಲವಾದ್ದರಿಂದ ಆ ಮನೆಯೊಡತಿಯ ಯಜಮಾನಿಕೆಯೊಳಗೆ ಕೈಹಾಕಿದಂತೆ ಆಗುವುದಿಲ್ಲ. ನಮ್ಮಿಬ್ಬರ ಹಳೆಯ ಬದುಕಿನ ಯಾವ ನೆನಪೂ ಅದರಲ್ಲಿಲ್ಲ. ನಾನಂತೂ ಆ ಮನೆಯಲ್ಲಿದ್ದ ಒಂಬತ್ತು ವರ್ಷಗಳಲ್ಲಿ ಮೋಟಾರಿನ ಮನೆಯ ಕಡೆಗೆ ರಾತ್ರಿ ಹೋದವಳೇ ಅಲ್ಲ. ಇದು ಮಗನಿಗೆ ಮಾತ್ರ ಗೊತ್ತಿದ್ದ ಸಂಗತಿ. ಈ ಉಡುಗೊರೆ ನನ್ನದಲ್ಲ, ಮಕ್ಕಳದೇ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಿರಲಿಲ್ಲ.

ಹಣದ ವಿಷಯದಲ್ಲಿ ನಾನು ಒಂದು ಮಿತಿ ಇಟ್ಟುಕೊಂಡಿದ್ದೆ: 500 ರೂಪಾಯಿಗೆ ಮೀರಬಾರದು, ನನ್ನ ಪಾಲು ಮಕ್ಕಳ ಪಾಲಿಗಿಂತ ಕಡಿಮೆಯಿರಬೇಕು. ದುಬಾರಿ ವಸ್ತು ಹೋದರೆ ಅವರೂ ಅದಕ್ಕೆ ಸಮನಾಗಿ ಏನನ್ನಾದರೂ ಕಳುಹಿಸಬೇಕೆಂಬ ಒತ್ತಡಕ್ಕೆ ಒಳಗಾಗುತ್ತಾರೆ, ಹಬ್ಬ ಹರಾಜಿನ ಕಟ್ಟೆಯಾಗುತ್ತದೆ. ಗಣೇಶನ ಹಬ್ಬಕ್ಕೆ ನನ್ನ ತಂದೆ ಕೊಟ್ಟಿದ್ದರಲ್ಲಿ ಮಗಳು 200 ರೂಪಾಯಿ ತೆಗೆದಳು. ಮಗ ಹುಂಡಿಯನ್ನು ಅಲುಗಾಡಿಸಿ ಅಲುಗಾಡಿಸಿ 90 ರೂಪಾಯಿ ಚಿಲ್ಲರೆ ಹೊರತೆಗೆದ. ಕೃಷಿ ಉಪಕರಣಗಳ ಅಂಗಡಿಯೊಂದರಲ್ಲಿ ಮೂರು ಬಗೆಯ ಟಾರ್ಚ್ ತೋರಿಸಿದರು. ಅತಿ ಅಗ್ಗದ್ದು ಸೆಲ್ ಹಾಕುವಂಥದ್ದು, ತೋಟದ ಮನೆಯಲ್ಲಿ ಬೇಕಾದ ಹೊತ್ತಿಗೆ ಸೆಲ್ ಸಿಗುವುದಿಲ್ಲ. ದೊಡ್ಡದು ಬೆಳಕು ಚೆನ್ನಾಗಿ ಕೊಡುತ್ತಿತ್ತು, ಆದರೆ ಅದರ ಭಾರಕ್ಕೆ ಪಟ್ಟಿ ಮೂಗಿನ ತನಕ ಜಾರುತ್ತಿತ್ತು. ನಡುವಿನದು ಮೊಬೈಲಿನಂತೆಯೇ ವೈರಿನಿಂದ ಚಾರ್ಜ್ ಆಗುವಂಥದ್ದು, ಬೆಳಕನ್ನು ಕೆಳಕ್ಕೆ ಬಾಗಿಸಬಹುದು, ಬೆಲೆ 480. ಮಗ ಅದನ್ನು ತಾನೇ ಕಟ್ಟಿಕೊಂಡು ಅಂಗಡಿಯ ಕತ್ತಲೆ ಮೂಲೆಗೆ ಹೋಗಿ ಪರೀಕ್ಷಿಸಿದ. ಅಂಗಡಿಯವರು ಚಿಲ್ಲರೆಯನ್ನು ತಾಳ್ಮೆಯಿಂದ ಎಣಿಸಿಕೊಂಡರು. ನಾನು 190 ರೂಪಾಯಿ ಸೇರಿಸಿದೆ.

ಕಜ್ಜಾಯವನ್ನೂ ಒಂದು ಡಬ್ಬಿ ಕಳುಹಿಸೋಣವೆಂದು ಮಗಳು ಹಟ ಹಿಡಿದಳು. ಕಜ್ಜಾಯ ನನ್ನ ಕೈಯಡುಗೆ. ಅದು ಹೋದರೆ ನಾನೇ ಹೋದಂತೆ. ದಾರಿಯಲ್ಲಿ ತಿನ್ನಲು ನಾಲ್ಕು ಕಟ್ಟಿಕೊಟ್ಟೆ, ಉಡುಗೊರೆಗೆ ಸೇರಿಸಲಿಲ್ಲ. ಬದಲಿಗೆ ಅವಳು ಬಣ್ಣದ ಕಾಗದದಲ್ಲಿ ಒಂದು ಆಕಾಶಬುಟ್ಟಿ ಮಾಡಿದಳು. ಟಾರ್ಚ್ ಅಪ್ಪನಿಗೆ, ಆಕಾಶಬುಟ್ಟಿ ಮನೆಯವರೆಲ್ಲರಿಗೆ ಎಂದು ಅವಳೇ ಹಂಚಿದಳು. ಆ ಮನೆಯಲ್ಲಿ ಮಕ್ಕಳು ಆಂಟಿ ಎಂದು ಕರೆಯುವವರನ್ನು ಹೊರಗಿಡದೆ, ಹಾಗೆಂದು ಅವರಿಗೆ ಪ್ರತ್ಯೇಕವಾಗಿ ಏನನ್ನೋ ಕೊಟ್ಟು ಮುಜುಗರಕ್ಕೂ ಸಿಲುಕಿಸದೆ ಇರುವ ಈ ಉಪಾಯ ನನಗೆ ಹೊಳೆದಿರಲಿಲ್ಲ. ಪೊಟ್ಟಣದ ಮೇಲೆ “ಅಪ್ಪನಿಗೆ” ಎಂದು ಬರೆದು ಇಬ್ಬರೂ ಹೆಸರು ಹಾಕಿದರು. ಮಗನ ಅಕ್ಷರದಲ್ಲಿ ಒತ್ತಕ್ಷರ ತಪ್ಪಿತ್ತು. ತಿದ್ದಲು ಹೋಗಲಿಲ್ಲ.

ಹಿಂದಿನ ರಾತ್ರಿ ಮಕ್ಕಳ ತಂದೆಗೆ ಒಂದು ಸಂದೇಶ ಕಳುಹಿಸಿದೆ: “ಮಕ್ಕಳು ನಿಮಗೆ ಏನೋ ತರುತ್ತಿದ್ದಾರೆ. ದಯವಿಟ್ಟು ಅವರ ಎದುರಿಗೇ ಬಿಚ್ಚಿ.” ವಸ್ತು ಯಾವುದೆಂದು ಹೇಳಲಿಲ್ಲ. ಇಷ್ಟು ತಿಳಿಸುವುದು ಅಗತ್ಯವೆಂದು ನನಗೆ ರಿಮೋಟ್ ಕಾರಿನ ವರ್ಷ ಗೊತ್ತಾಗಿತ್ತು. ಆಗ ಪೊಟ್ಟಣ ಅರ್ಧ ದಿನ ಜೀಪಿನ ಹಿಂದಿನ ಸೀಟಿನಲ್ಲೇ ಉಳಿದು, ಮಗ ಅದನ್ನೇ ನೋಡುತ್ತಾ ಊಟ ಬಿಟ್ಟಿದ್ದನಂತೆ. “ಆಗಲಿ” ಎಂದು ಉತ್ತರ ಬಂತು.

ನವೆಂಬರ್ 2, ಶನಿವಾರ, ಪಾಡ್ಯಮಿಯ ಬೆಳಿಗ್ಗೆ ಬೇಲೂರಿನಲ್ಲಿ ಮಕ್ಕಳನ್ನು ಒಪ್ಪಿಸಿದೆ. ಪೊಟ್ಟಣ ಮಗನ ಚೀಲದಲ್ಲಿತ್ತು. ನನ್ನ ಕೈಯಿಂದ ಅವರ ಕೈಗೆ ಅದು ಹೋಗಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಗೋಪೂಜೆಯ ಹೊತ್ತು ಮೀರುತ್ತದೆಂದು ಅವರು ಅವಸರದಲ್ಲಿದ್ದರು. ಭಾನುವಾರ ಸಂಜೆ ಹಿಂದಿರುಗುವಾಗ, ಹಾಸನಾಂಬೆಯ ಬಾಗಿಲು ಮುಚ್ಚುವ ದಿನವಾದ್ದರಿಂದ ಬಸ್ಸು ತುಂಬಿ ತುಳುಕುತ್ತಿತ್ತು. ನಿಂತೇ ಬಂದೆವು. ಅಪ್ಪನಿಗೆ ಇಷ್ಟವಾಯಿತೇ, ಏನೆಂದರು ಎಂದು ನಾನು ಕೇಳಲಿಲ್ಲ. ಕೇಳಿದರೆ ಅದು ಮತ್ತೆ ನನ್ನ ಉಡುಗೊರೆಯಾಗುತ್ತಿತ್ತು. ಆಕಾಶಬುಟ್ಟಿಯ ಒಂದು ಬಾಲ ಹರಿಯಿತು, ಆಂಟಿ ಅಂಟಿಸಿದರು ಎಂದು ಮಗಳು ತಾನಾಗಿ ಹೇಳಿದಳು. ಮಗ ನಿದ್ದೆಗೆ ಜಾರಿದ್ದ.

ಮನೆಗೆ ಬಂದು ಮೊಬೈಲ್ ನೋಡಿದರೆ ಒಂದು ಸಂದೇಶವಿತ್ತು: “ಟಾರ್ಚಿನ ಚಾರ್ಜಿಂಗ್ ವೈರ್ ಪೊಟ್ಟಣದಲ್ಲಿ ಇರಲಿಲ್ಲ. ಅಲ್ಲೇ ಉಳಿದಿರಬಹುದು, ನೋಡಿ.” ಉಳಿದಿತ್ತು. ಹಬ್ಬಕ್ಕೆ ಮೊದಲು ಪ್ರತಿ ರಾತ್ರಿ ಹೊದಿಕೆಯೊಳಗೆ ಟಾರ್ಚ್ ಪರೀಕ್ಷಿಸುತ್ತಿದ್ದ ಮಗನ ದಿಂಬಿನ ಕೆಳಗೆ ಸಿಕ್ಕಿತು. ಮುಂದಿನ ಭೇಟಿಯ ಶನಿವಾರ ಅವನ ಚೀಲದಲ್ಲಿ ಹಾಕಿ ಕಳುಹಿಸಿದೆ.